ಮಾಸ್ತರರ ರೂಪಾಯಿಗಳಿಗೆ ಕಟ್ಟಿದ ಬೆಲೆ

ಕಾನ್ವೆಂಟಿನಲ್ಲಿ ಓದಿದ ಸೊಸೆಯೊಬ್ಬಳು ಬಂದರೆ ಓಣಿಗೆ ಸಂಬಳವಿಲ್ಲದ ಗುಮಾಸ್ತೆ ಸಿಕ್ಕಂತೆ. ನಾನು ಮದುವೆಯಾಗಿ ಅಣ್ಣಿಗೇರಿಗೆ ಬಂದ ಹೊಸದರಲ್ಲೇ ನಮ್ಮ ಪಡಸಾಲೆಗೆ ಔಷಧದ ಬಾಟಲಿಗಳು, ಮಿಕ್ಸರಿನ ಗ್ಯಾರಂಟಿ ಕಾರ್ಡು, ಲಗ್ನಪತ್ರಿಕೆಯ ಇಂಗ್ಲಿಷ್ ಬದಿ, ಕೀಟನಾಶಕದ ಡಬ್ಬಿಯ ಮೇಲಿನ ಇರುವೆಸಾಲಿನಂಥ ಅಕ್ಷರ ಎಲ್ಲವೂ ಬರತೊಡಗಿದವು. ಈಗ ನನ್ನ ಮಕ್ಕಳೇ ಕಾಲೇಜು ಮುಗಿಸಿದ್ದಾರೆ, ಓಣಿಯ ಪ್ರತಿ ಮನೆಯಲ್ಲೂ ಇಂಗ್ಲಿಷ್ ಮೀಡಿಯಮ್ಮಿನವರಿದ್ದಾರೆ. ಆದರೂ ಗಂಭೀರ ವಿಷಯವೆಂದರೆ ನನ್ನ ಹತ್ತಿರವೇ ಬರುತ್ತಾರೆ. ಸಿಸ್ಟರುಗಳ ಕೈಯಲ್ಲಿ ಕಲಿತ ಇಂಗ್ಲಿಷ್ ಹಳೆಯ ತಾಮ್ರದ ಹಂಡೆಯ ಹಾಗೆ ಗಟ್ಟಿ ಎಂಬುದು ಇಲ್ಲಿಯ ನಂಬಿಕೆ. ನಿಜ ಹೇಳಬೇಕೆಂದರೆ ಸಿಸ್ಟರುಗಳು ನನಗೆ ಕಲಿಸಿದ್ದು ಕರ್ಚೀಫಿನ ಅಂಚಿಗೆ ಹೊಲಿಗೆ ಹಾಕುವುದು, ಬಾಗಿಲನ್ನು ಸದ್ದಾಗದಂತೆ ಮುಚ್ಚುವುದು, ಬಾಯಲ್ಲಿ ತುತ್ತಿದ್ದಾಗ ಮಾತನಾಡದಿರುವುದು. ವಸ್ತುಗಳ ಬೆಲೆ ಕಟ್ಟುವುದನ್ನು ಯಾರೂ ಕಲಿಸಲಿಲ್ಲ. ಒಂದೆರಡು ವರ್ಷದ ಹಿಂದೆ ಆ ಕೆಲಸವೂ ನನ್ನ ಪಾಲಿಗೆ ಬಂತು.

ಬಾಜೂ ಮನೆಯ ವೈನಿ ಒಂದು ಮಧ್ಯಾಹ್ನ, ಮುಸುರೆ ತಿಕ್ಕಿದ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಗಂಟು ತಂದು ನನ್ನ ಮುಂದಿಟ್ಟರು. ವೈನಿ ಎಂದರೆ ಊರ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರ ಹೆಂಡತಿ. ಮಾಸ್ತರರು ತೀರಿಕೊಂಡು ಆಗ ವರ್ಷ ದಾಟಿತ್ತು. ಗಂಟಿನೊಳಗೆ ಇದ್ದದ್ದು ಅವರ ಹಳೆಯ ನಾಣ್ಯಗಳ ಆಲ್ಬಮ್.

ಅಂಗಡಿಯಲ್ಲಿ ಕೊಂಡ ಆಲ್ಬಮ್ ಅಲ್ಲ. ದಪ್ಪ ಡ್ರಾಯಿಂಗ್ ಶೀಟಿನ ಮೇಲೆ ಕೈವಾರದಿಂದ ವೃತ್ತ ಎಳೆದು, ಬ್ಲೇಡಿನಿಂದ ಕತ್ತರಿಸಿ ಗುಳಿ ಮಾಡಿ, ಹಿಂದೆ ಮುಂದೆ ಪ್ಲಾಸ್ಟಿಕ್ ಹಾಳೆ ಕೂಡಿಸಿ ಮಾಸ್ತರರೇ ಮಾಡಿದ್ದು. ಪ್ರತಿ ಗುಳಿಯ ಕೆಳಗೆ ಸಣ್ಣ ಕುಂಚದಲ್ಲಿ ಇಸವಿ. ರಾಣಿ ಛಾಪಿನ ಬೆಳ್ಳಿ ರೂಪಾಯಿಗಳಿಗೆ ಎರಡು ಪುಟ, ಆಮೇಲೆ ಬೋಳುತಲೆಯ ರಾಜ, ಗಡ್ಡದ ರಾಜ, ಗಡ್ಡವಿಲ್ಲದ ಕೊನೆಯ ರಾಜ. ಪಾವಲಿ, ಚವಲಿಗಳಂಥ ಚಿಲ್ಲರೆಗೆ ಬೇರೆ ಪುಟ, ನಡುವೆ ತೂತಿದ್ದ ತಾಮ್ರದ ಪೈಸೆಗಳಿಗೆ ಇನ್ನೊಂದು. ಮಾಸ್ತರರು ಇವನ್ನು ಕೊಂಡದ್ದು ಕಡಿಮೆ. ಸುತ್ತಿನ ಊರುಗಳಲ್ಲಿ ಯಾರ ಮನೆಯಲ್ಲಾದರೂ ಹಿರಿಯರು ಹೋದರೆ, ಸಿಕ್ಕ ಸಣ್ಣ ಫೋಟೋ ನೋಡಿ ಅವರ ದೊಡ್ಡ ಚಿತ್ರ ಬರೆದುಕೊಡುತ್ತಿದ್ದರು. ರೊಕ್ಕ ಬೇಡ, ದೇವರ ಗೂಡಿನಲ್ಲಿ ಹಳೇ ರೂಪಾಯಿ ಇದ್ದರೆ ಒಂದು ಕೊಡ್ರಿ ಎನ್ನುತ್ತಿದ್ದರು. ನವಲಗುಂದದ ಕಡೆಯ ಅದೆಷ್ಟು ಪಡಸಾಲೆಗಳಲ್ಲಿ ಅವರು ಬರೆದ ಅಜ್ಜಂದಿರು ಈಗಲೂ ಪೇಟ ಸುತ್ತಿಕೊಂಡು ಕೂತಿದ್ದಾರೋ.

ಆಲ್ಬಮ್ ಪೂರ್ತಿಯಾಗಿರಲಿಲ್ಲ. ಪ್ರತಿ ಪುಟದಲ್ಲೂ ಎರಡೋ ಮೂರೋ ಇಸವಿ ಸಿಕ್ಕಿರಲಿಲ್ಲ. ಆ ಜಾಗವನ್ನು ಖಾಲಿ ಬಿಡಲು ಮಾಸ್ತರರಿಗೆ ಮನಸ್ಸಾಗಿರಲಿಲ್ಲ. ಸಿಗದ ನಾಣ್ಯವನ್ನು ಪೆನ್ಸಿಲಿನಿಂದ ಬರೆದು ಇಟ್ಟಿದ್ದರು. ರಾಜನ ಗಡ್ಡದ ಎಳೆ, ಅಂಚಿನ ಗೆರೆ, ಬೆಳಕು ಬಿದ್ದಲ್ಲಿ ಹೊಳಪು, ನೆರಳಿದ್ದಲ್ಲಿ ಕಪ್ಪು, ಏನೂ ಕಡಿಮೆಯಿಲ್ಲ.

"ಇದಕ್ಕ ಸರಿಯಾಗಿ ಏನು ರೇಟ್ ಆಗ್ತೈತಿ ನೋಡಿ ಹೇಳು ತಂಗಿ," ಎಂದರು ವೈನಿ.

ಮನೆಯಲ್ಲಿ ಏನಾದರೂ ಅಡಚಣೆಯೇ ಎಂದು ಮೆಲ್ಲಗೆ ಕೇಳಿದೆ. ಪೆನ್ಶನ್ ಬರುತ್ತದೆ, ಒಬ್ಬಳಿಗೆ ಎಷ್ಟು ಬೇಕು ಎಂದರು. ಹಾಗಾದರೆ ಮಾರುವುದೇಕೆ ಎಂದೆ.

"ನನಗ ರೊಕ್ಕ ಬ್ಯಾಡ. ರೇಟ್ ಬೇಕು."

ವಿಷಯ ತಿಳಿಯಲು ಅವರ ಭಾವನ ಬಗ್ಗೆ ಹೇಳಬೇಕು. ಮಾಸ್ತರರ ಅಣ್ಣ ನಮ್ಮ ಓಣಿಯ ಕೊನೆಯ ಮನೆಯಲ್ಲಿದ್ದಾರೆ. ಆಯುಷ್ಯವೆಲ್ಲ ದನದ ಸಂತೆಗಳಲ್ಲಿ ದಲಾಲರಾಗಿದ್ದವರು. ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಬೆಲೆ ಕುದುರಿಸಿ ದಲಾಲಿ ತೆಗೆದುಕೊಳ್ಳುವ ಕೆಲಸ. ಈಗ ಮೊಣಕಾಲು ನೋವು, ಸಂತೆಗೆ ಹೋಗುವುದಿಲ್ಲ, ಆದರೆ ಹೆಗಲ ಮೇಲಿನ ಟವೆಲು ಮತ್ತು ಬಾಯಿ ಎರಡೂ ಹಾಗೇ ಇವೆ. ತಮ್ಮನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಮಾಸ್ತರರು ಆಸ್ಪತ್ರೆಯಲ್ಲಿದ್ದಾಗ ಊಟದ ಡಬ್ಬಿ ಹಿಡಿದು ದಿನವೂ ಬಸ್ಸು ಹತ್ತಿದವರು ಅವರೇ. ಆದರೆ ಮಾಸ್ತರರ ವರ್ಷದ ತಿಥಿಗೆ ಬಂದ ಬೀಗರೆಲ್ಲ ಊಟಕ್ಕೆ ಕೂತಾಗ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅವರೊಂದು ಮಾತು ಆಡಿದರು: "ನಮ್ಮ ತಮ್ಮ ಬಂಗಾರದಂಥಾ ಮನಷ್ಯಾ. ಆದ್ರ ಏನ್ಮಾಡೂದು, ಸಂತ್ಯಾಗ ನಡೀಲಾರದ ರೊಕ್ಕಕ್ಕ ದುಡದು ಸತ್ತ."

ಬೀಗರೆಲ್ಲ ನಕ್ಕರು. ಮಾತು ಚೆನ್ನಾಗಿತ್ತು, ನಗು ಬರುವಂಥದ್ದೇ. ಕೋಸಂಬರಿ ಬಡಿಸುತ್ತಿದ್ದ ವೈನಿಯೂ ನಕ್ಕಂತೆ ಮಾಡಿ ಒಳಗೆ ಹೋದರು. ಅವತ್ತಿನಿಂದ ಆ ಮಾತು ಅವರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು, ಮೀನು ತಿನ್ನದ ಮನೆತನವಾದರೂ. ಯಾರೋ ಒಬ್ಬ ಗಿರಾಕಿ ಬಂದು, ಭಾವನವರ ಮುಂದೆ, ಇದಕ್ಕೆ ಇಷ್ಟು ಎಂದು ಹೇಳಬೇಕು, ಹೇಳಿದ್ದನ್ನು ಕೊಡಬೇಕು. ಬರೇ ಹೇಳಿದರೆ ಭಾವನವರು ನಂಬುವುದಿಲ್ಲ, ಕೈಗೆ ಬಾರದ ರೇಟು ಅವರ ಲೆಕ್ಕದಲ್ಲಿ ರೇಟೇ ಅಲ್ಲ. ಆದ್ದರಿಂದ ಗಂಡನ ನಾಣ್ಯಗಳಿಗೆ ಬೆಲೆಯಿತ್ತೆಂದು ತೋರಿಸಲು ಆ ನಾಣ್ಯಗಳನ್ನೇ ಕಳೆದುಕೊಳ್ಳಬೇಕಾಗಿತ್ತು. ಇದನ್ನು ನಾನು ಮೆಲ್ಲಗೆ ಹೇಳಿ ನೋಡಿದೆ. ಅದು ಅವರಿಗೂ ಗೊತ್ತಿತ್ತು.

ಬೆಲೆ ಕಟ್ಟುವ ಕೆಲಸ ಶುರುಮಾಡಿದೆ. ಮೊದಲು ಮೊಬೈಲು. ಅದರಲ್ಲಿ ಒಬ್ಬ ಯುವಕ ಕೈಬೀಸಿ ಹೇಳುತ್ತಿದ್ದ, ನಿಮ್ಮ ಮನೆಯಲ್ಲಿ ಇಂಥ ಒಂದು ನಾಣ್ಯವಿದ್ದರೆ ನೀವು ಲಕ್ಷಾಧೀಶರು ಎಂದು. ಅವನ ಹಿಂದೆ ಗೋಡೆಯ ಬಣ್ಣ ಕಿತ್ತುಹೋಗಿತ್ತು, ಫ್ಯಾನಿನ ಒಂದು ರೆಕ್ಕೆ ಸೊಟ್ಟಗಿತ್ತು. ಅಂಥ ನಾಣ್ಯದ ಗುಟ್ಟು ಗೊತ್ತಿದ್ದವನು ಮೊದಲು ತನ್ನ ಫ್ಯಾನು ರಿಪೇರಿ ಮಾಡಿಸಬಹುದಿತ್ತು ಎನಿಸಿತು. ಆದರೆ ಅದೇ ವಿಡಿಯೋ ನಮ್ಮ ಓಣಿಯಲ್ಲೆಲ್ಲ ಓಡಾಡಿ, ಕಿರಾಣಿ ಅಂಗಡಿಯವರು ಗಲ್ಲಾಪೆಟ್ಟಿಗೆಯ ಚಿಲ್ಲರೆಯನ್ನು ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡುವ ಹಾಗಾಯಿತು. ಒಂದು ವಾರ ಅವರು ಯಾರಿಗೂ ಚಿಲ್ಲರೆ ಕೊಡಲಿಲ್ಲ, ಬದಲಿಗೆ ಚಾಕಲೇಟು ಕೊಟ್ಟರು.

ಆಮೇಲೆ ಪೇಟೆಯ ಪತ್ತಾರರ ಹತ್ತಿರ ಹೋದೆವು. ಚಿನ್ನ ಬೆಳ್ಳಿಯ ಕೆಲಸದವರು, ಪ್ರಾಮಾಣಿಕರು. ನಾಲ್ಕು ರೂಪಾಯಿಗಳನ್ನು ತಕ್ಕಡಿಗೆ ಹಾಕಿ ಗ್ರಾಮಿನ ಲೆಕ್ಕದಲ್ಲಿ ರೇಟು ಹೇಳಿಬಿಟ್ಟರು. ರಾಣಿಯೂ ಒಂದೇ, ಬೋಳುತಲೆಯ ರಾಜನೂ ಒಂದೇ. ಯುದ್ಧಕಾಲದ ರೂಪಾಯಿಗಳಲ್ಲಿ ಅರ್ಧ ಬೆಳ್ಳಿ ಮಾತ್ರ, ಕೊನೆಯವುಗಳಲ್ಲಿ ಅದೂ ಇಲ್ಲ ಎಂದು ಅವನ್ನು ಪಕ್ಕಕ್ಕೆ ಸರಿಸಿದರು. ಪೆನ್ಸಿಲಿನ ನಾಣ್ಯಗಳನ್ನು ನೋಡಿ, ಇವು ಮಾತ್ರ ಹಗುರ ಅದಾವು ಎಂದರು. ವೈನಿ ಆಲ್ಬಮ್ಮನ್ನು ಮುಚ್ಚಿ ಸೀರೆಯ ತುಂಡಿನಲ್ಲಿ ಸುತ್ತುವಾಗ ಗಂಟು ಸ್ವಲ್ಪ ಬಿಗಿಯಾಗಿಯೇ ಹಾಕಿದರು.

ಒಂದು ಕಡೆ ಲಕ್ಷ, ಇನ್ನೊಂದು ಕಡೆ ತೂಕ. ಸರಿಯಾದ ಬೆಲೆ ಇವೆರಡರ ನಡುವೆ ಎಲ್ಲೋ ಇರಬೇಕು. ಆದರೆ ಆ ನಡು ನಮ್ಮ ರೈಲ್ವೆ ಗೇಟಿನಿಂದ ಹುಬ್ಬಳ್ಳಿಯವರೆಗಿನಷ್ಟು ಉದ್ದವಿತ್ತು. ಕೆಲವು ದಿನ ಮಧ್ಯಾಹ್ನದ ನಿದ್ದೆ ಬಿಟ್ಟು ಮೊಬೈಲಿನಲ್ಲಿ ಓದಿದೆ. ಮಾರುವವರು ಕೇಳಿದ ಬೆಲೆ ಬೇರೆ, ನಿಜವಾಗಿ ಹೋದ ಬೆಲೆ ಬೇರೆ ಎಂಬುದು ಮೊದಲು ಗೊತ್ತಾಯಿತು. ಹೆಚ್ಚು ಸಿಗುವ ಇಸವಿಗಳಿಗೆ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ, ಅಷ್ಟೇ. ಆದರೆ ಕೆಲವು ಇಸವಿಗಳಿವೆ, ಯಾವನಾದರೂ ಒಬ್ಬ ಸಂಗ್ರಹದವನಿಗೆ ಅದೊಂದೇ ಕಡಿಮೆ ಇದ್ದರೆ ಅವನು ಅದಕ್ಕಾಗಿ ಏನು ಬೇಕಾದರೂ ಕೊಟ್ಟಾನು. ಅಂದರೆ ಅರ್ಧಂಬರ್ಧ ಸಂಗ್ರಹದ ಬೆಲೆ ಇರುವುದು ಒಂದೆರಡು ನಾಣ್ಯಗಳಲ್ಲಿ. ಉಳಿದವು ಮದುಮಗನ ಕೂಡ ಬಂದ ಬೀಗರ ಹಾಗೆ, ಅವರಿಗೂ ಊಟ ಹಾಕಬೇಕು, ಆದರೆ ಮದುವೆ ಅವರಿಂದ ಆಗುವುದಿಲ್ಲ.

ಇಷ್ಟು ತಿಳಿದ ಮೇಲೆ ನಾನೊಂದು ಅಂಕಿ ಕಟ್ಟಿ ವೈನಿಗೆ ಹೇಳಿದೆ. ಅವರು ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಗಂಡನ ಮಾನಕ್ಕೆ ಆ ಅಂಕಿ ಸಣ್ಣದಾಯಿತು ಎನಿಸಿತೋ, ಅಷ್ಟನ್ನು ಯಾರು ಕೊಟ್ಟಾರು ಎನಿಸಿತೋ ನನಗೆ ತಿಳಿಯಲಿಲ್ಲ. ಬಹುಶಃ ಎರಡೂ. ಸರಿಯಾದ ಬೆಲೆಯ ಲಕ್ಷಣ ಇದೇ ಇರಬಹುದು, ಅದನ್ನು ಕೇಳಿ ಯಾರಿಗೂ ಸಂತೋಷವಾಗುವುದಿಲ್ಲ.

ಹುಬ್ಬಳ್ಳಿಯಲ್ಲಿ ಇಂಥವನ್ನು ಕೊಳ್ಳುವವರೊಬ್ಬರಿದ್ದಾರೆಂದು ತಿಳಿದು ಫೋನು ಮಾಡಿದೆ. ಸಂಭಾವಿತ ದನಿ. ಎರಡು ಫೋಟೋ ಕಳಿಸಿರಿ ಎಂದರು, ಕಳಿಸಿದ್ದನ್ನು ನೋಡಿ, ಬರುವ ರವಿವಾರ ಬರುತ್ತೇನೆ ಎಂದರು.

ರವಿವಾರ ಬೆಳಿಗ್ಗೆ ವೈನಿಯ ಮನೆಗೆ ಹೋದೆ. ಹಿತ್ತಿಲಲ್ಲಿ, ಬಚ್ಚಲಿನ ಕಲ್ಲಿನ ಪಕ್ಕ, ಹಳೆಯ ಪಂಚೆಯ ಮೇಲೆ ರೂಪಾಯಿಗಳೆಲ್ಲ ಬಿಸಿಲಿಗೆ ಮಲಗಿದ್ದವು. ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಪಕ್ಕದ ಬೋಗುಣಿಯಲ್ಲಿ ಹುಣಸೆಹಣ್ಣಿನ ರಾಡಿ. ದೀಪಾವಳಿ ಲಕ್ಷ್ಮಿಪೂಜೆಗೆ ಮನೆಯ ಬೆಳ್ಳಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವಲ್ಲ, ಹಾಗೆ ಒಂದೊಂದನ್ನೂ ತಿಕ್ಕಿ ತೊಳೆದಿದ್ದರು. ಮಾಸ್ತರರು ಇದ್ದಾಗ ಮುಟ್ಟಲು ಬಿಡುತ್ತಿರಲಿಲ್ಲವಂತೆ. ವರ್ಷವೆಲ್ಲ ಕರ್ರಗೆ ಇಟ್ಟುಕೊಂಡು ಕೂತಿದ್ದರು, ಪರವೂರಿನವರು ನೋಡಲು ಬರುವಾಗ ಹಾಗೇ ತೋರಿಸುವುದು ಹೇಗೆ ಎಂದರು. ಹೆಣ್ಣು ನೋಡಲು ಬರುವವರ ಮುಂದೆ ಹುಡುಗಿಯನ್ನು ಮಾರಿ ತೊಳೆಯದೆ ಕೂಡಿಸುತ್ತಾರೆಯೇ? ನಮ್ಮ ಸಿಸ್ಟರುಗಳು ನೋಡಿದ್ದರೆ ಅವರಿಗೆ ಶಿಸ್ತಿನ ಬಹುಮಾನ ಕೊಡುತ್ತಿದ್ದರು. ಚೆಂದ ಕಾಣುತ್ತವೆ ಎಂದೆ. ಚೆಂದವೇ ಕಾಣುತ್ತಿದ್ದವು.

ಗಿರಾಕಿ ಹತ್ತೂವರೆಗೆ ಬಂದರು. ತುಂಬುತೋಳಿನ ಅಂಗಿ, ಕಿಸೆಯಲ್ಲಿ ಮಸೂರ, ಚೀಲದಲ್ಲಿ ಬಿಳಿಯ ಹತ್ತಿಯ ಕೈಗವಸು. ಭಾವನವರು ಆಗಲೇ ಕಂಬಕ್ಕೆ ಒರಗಿ ಕೂತಿದ್ದರು, ಸುಮ್ಮನೆ ಕೂಡ್ರಾಕ ಬಂದೇನಿ ಎಂದಿದ್ದರು. ಅವರನ್ನು ಕರೆದವಳು ನಾನು, ಕರೆಸಿದವರು ವೈನಿ. ರೇಟು ಅವರ ಕಿವಿಯ ಮೇಲೆ ಬೀಳಬೇಕಿತ್ತಲ್ಲ. ವೈನಿ ತಲೆಯ ಮೇಲೆ ಸೆರಗು ಹೊದ್ದು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತರು. ಅವರ ಮನೆತನದಲ್ಲಿ ಸೊಸೆಯಂದಿರು ಗಂಡನ ಅಣ್ಣನ ಜೊತೆ ನೇರವಾಗಿ ಮಾತನಾಡುವುದಿಲ್ಲ. ಮೂರು ಮಾರು ದೂರದಲ್ಲಿ ಇಬ್ಬರೂ ಇದ್ದರೂ ಮಾತು ಮೂರನೆಯವರ ಮೂಲಕವೇ ಹೋಗಬೇಕು, ಅವತ್ತು ಆ ಮೂರನೆಯವಳು ನಾನು. ಹೀಗೆ ಒಂದೇ ಪಡಸಾಲೆಯಲ್ಲಿ ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುತ್ತ ಕೂತೆ.

ಗಿರಾಕಿ ಗವಸು ಹಾಕಿಕೊಂಡು, ನಾವು ನಾಣ್ಯಗಳನ್ನು ತಿರುಗಿ ಕೂಡಿಸಿಟ್ಟಿದ್ದ ಆಲ್ಬಮ್ಮಿನ ಮೊದಲ ಪುಟ ತೆರೆದರು. ಮಸೂರ ಕಣ್ಣಿಗೆ ಹೋಯಿತು, ಕೆಳಗೆ ಬಂತು. ಇನ್ನೊಂದು ನಾಣ್ಯ ನೋಡಿದರು. ಮಸೂರವನ್ನು ಕಿಸೆಗೆ ಹಾಕಿಬಿಟ್ಟರು.

"ಇವನ್ನ ತೊಳದಾರೇನ್ರಿ?"

ತೊಳೆದದ್ದೇ ದೊಡ್ಡ ತಪ್ಪಾಗಿತ್ತು. ಹಳೆಯ ಬೆಳ್ಳಿಯ ಮೇಲೆ ಕಾಲ ಕೂಡಿಸಿದ ಕಪ್ಪು ಇರಬೇಕು, ಅದನ್ನು ನೋಡಿಯೇ ಬೆಲೆ. ಹುಳಿ ತಾಗಿದರೆ ಮೈ ತಿಂದು ಹೋಗುತ್ತದೆ, ಅರ್ಧ ಬೆಲೆ ಅಲ್ಲೇ ಇಳಿಯುತ್ತದೆ ಎಂದು ಅವರು ನೊಂದುಕೊಂಡೇ ವಿವರಿಸಿದರು. ಬಾಗಿಲ ಸಂದಿಯಲ್ಲಿ ಬಳೆಯ ಸದ್ದು ನಿಂತಿತು. ಭಾವನವರಿಗೆ ಇದು ಅರ್ಥವೇ ಆಗಲಿಲ್ಲ. ಸಂತೆಗೆ ಹೊರಟ ಎತ್ತಿನ ಮೈ ತೊಳೆಯದೆ ಹೊಡೆದುಕೊಂಡು ಹೋದರೆ ಯಾರಾದರೂ ತಿರುಗಿ ನೋಡುತ್ತಾರೆಯೇ ಎಂದು ಕೇಳಿದರು. ಕೊಳೆಗೆ ರೊಕ್ಕ, ತೊಳೆದದ್ದಕ್ಕೆ ಕಡಿತ, ಇಂಥ ವ್ಯಾಪಾರವನ್ನು ತಾವು ಕಂಡಿಲ್ಲವೆಂದರು. ನನ್ನ ಕಡೆ ನೋಡಿ, ನಮ್ಮ ತಮ್ಮ ಇದ್ರಾಗ ಹೆಂಗ ಬಿದ್ದ ಅಂತ ಈಗ ತಿಳೀತು ಎಂದೂ ಸೇರಿಸಿದರು. ಅದನ್ನು ನಾನು ಬಾಗಿಲ ಕಡೆಗೆ ಅನುವಾದಿಸಲಿಲ್ಲ.

ಗಿರಾಕಿ ಪುಟ ತಿರುವುತ್ತ ಹೋದರು. ಕೆಲವು ರೂಪಾಯಿಗಳ ಅಂಚಿನಲ್ಲಿ ಎಂದೋ ಸರಕ್ಕೆ ಪೋಣಿಸಲು ಬೆಸೆದ ಕುಣಿಕೆ ಕಿತ್ತ ಗುರುತಿತ್ತು, ಅದಕ್ಕೆ ಸ್ವಲ್ಪ ಕಡಿತ. ಪ್ರತಿ ಪುಟದಲ್ಲೂ ಇಸವಿ ಬಿಟ್ಟುಹೋಗಿವೆ, ಅದಕ್ಕೆ ಇನ್ನಷ್ಟು ಕಡಿತ. ಎಲ್ಲಿ ಬಿಟ್ಟುಹೋಗಿವೆ ಎಂದು ಭಾವನವರು ಆಲ್ಬಮ್ಮನ್ನು ತಮ್ಮ ಕಡೆಗೆ ಎಳೆದುಕೊಂಡರು. ಇಷ್ಟು ವರ್ಷ ಹಾಸ್ಯ ಮಾಡಿದ ವಸ್ತುವನ್ನು ಅವರು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ಗಡ್ಡದ ರಾಜನ ಪುಟ. ಎಲ್ಲಾ ತುಂಬೇ ಅದಾವಲ್ರಿ ಎನ್ನುತ್ತ, ಒಂದು ರೂಪಾಯಿಯನ್ನು ಹೊರಗೆ ತೆಗೆದು ತೋರಿಸಲು ಪ್ಲಾಸ್ಟಿಕ್ಕಿನ ಸಂದಿಯಲ್ಲಿ ಹೆಬ್ಬೆರಳಿನ ಉಗುರು ತೂರಿಸಿದರು. ಉಗುರು ಜಾರಿತು. ಮತ್ತೆ ತೂರಿಸಿದರು. ಬೆರಳಿಗೆ ಕಪ್ಪು ಹತ್ತಿತು.

ಅದು ಪೆನ್ಸಿಲ್.

ಅವರು ಬೆರಳು ನೋಡಿಕೊಂಡರು. ಆಲ್ಬಮ್ಮನ್ನು ಬೆಳಕಿಗೆ ಓರೆಮಾಡಿದರು. ಕೊಂಬಿಗೆ ಎಣ್ಣೆ ಮಸಿ ಹಚ್ಚಿ, ಹಲ್ಲು ಅರದಿಂದ ತಿಕ್ಕಿ, ಮುದಿ ಎತ್ತನ್ನು ಹರೆಯದ್ದೆಂದು ಮಾರುವವರನ್ನು ಮಾರು ದೂರದಿಂದ ಹಿಡಿದ ಕಣ್ಣು ಅದು. ಯಾರೂ ಅವರಿಗೆ ಟೋಪಿ ಹಾಕಿದ್ದಿಲ್ಲವೆಂದು ಊರೇ ಹೇಳುತ್ತದೆ.

"ಲೇ ಇವನ, ನನ್ನ ಫಸಿಸಿದನಲ್ಲೋ," ಎಂದರು, ತೀರ ಮೆಲ್ಲಗೆ, ಅಲ್ಲಿ ಯಾರೂ ಕೂತಿರದ ಕಡೆಗೆ ನೋಡುತ್ತ.

ದನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮ ಒಳ್ಳೆಯವನು, ಪ್ರಾಮಾಣಿಕ ಎಂಬುದಕ್ಕೆ ಅವರು ಎಂದೂ ಬೆಲೆ ಕೊಟ್ಟವರಲ್ಲ. ತಮ್ಮ ಇಷ್ಟು ಚೆನ್ನಾಗಿ ಮೋಸ ಮಾಡಬಲ್ಲ ಎಂದು ಗೊತ್ತಾದ ಆ ಗಳಿಗೆಯಲ್ಲಿ ಅವನ ಮೇಲೆ ಗೌರವ ಹುಟ್ಟಿತು. ಕಂಬ ಬಿಟ್ಟು ನೆಟ್ಟಗೆ ಕೂತರು.

ಅಷ್ಟರಲ್ಲಿ ಗಿರಾಕಿ ಲೆಕ್ಕ ಮುಗಿಸಿದ್ದರು. ಹೆಣ್ಣುಮಗಳ ಮನೆ, ದುಃಖವಾಗಬಾರದು ಎಂದೋ ಏನೋ, ನನ್ನ ಕಡೆ ಬಾಗಿ ಇಂಗ್ಲಿಷಿನಲ್ಲಿ ಬೆಲೆ ಹೇಳಿದರು. ನಾನು ಕಟ್ಟಿದ ಅಂಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಪತ್ತಾರರ ತಕ್ಕಡಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಈಗ ಅದನ್ನು ನಾನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕಿತ್ತು. ಹೇಳಿದರೆ ಭಾವನವರ ಊಟದ ಪಂಕ್ತಿಯ ಮಾತು ಶಾಶ್ವತವಾಗಿ ನಿಜವಾಗುತ್ತಿತ್ತು, ಅದೂ ವೈನಿಯ ಮನೆಯಲ್ಲೇ, ವೈನಿಯೇ ಕರೆಸಿದ ಸಾಕ್ಷಿಯ ಮುಂದೆ. ಸಂದಿಯಲ್ಲಿ ಸೆರಗಿನಿಂದ ಹೊರಬಂದ ಒಂದು ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ನಾನು ಕೆಮ್ಮಿದೆ. ಚಹಾ ಮಾಡಲೇ ಎಂದು ಕೇಳಿದೆ, ಆಗಷ್ಟೇ ಎಲ್ಲರೂ ಕುಡಿದಿದ್ದರೂ.

ಭಾವನವರು ನನ್ನ ಮುಖ ನೋಡಿ ಕೈ ಅಡ್ಡ ಮಾಡಿದರು.

"ನೀವು ಬಾಯಿಲೆ ಹೇಳಬ್ಯಾಡ್ರಿ ಅವ್ವಾರ. ನಿಮ್ಮ ಮಾರಿ ನೋಡಿದ್ರ ತಿಳೀತೈತಿ. ಬಾಯಿಲೆ ಬಂದ ರೇಟು ಮುರದು ಕಟ್ಟೂದು ತ್ರಾಸ."

ಹೆಗಲಿನ ಟವೆಲನ್ನು ತೆಗೆದು ಕೊಡವಿದರು. ದನದ ಸಂತೆಯಲ್ಲಿ ಬೆಲೆಯನ್ನು ಕೂಗುವುದಿಲ್ಲ. ದಲಾಲ ಮತ್ತು ಗಿರಾಕಿ ಕೈ ಕೂಡಿಸಿ ಮೇಲೆ ಟವೆಲು ಹಾಕುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು, ಗೆಣ್ಣು ಒತ್ತಿದರೆ ಅರ್ಧ. ಸುತ್ತ ನಿಂತವರಿಗೆ ಕಾಣುವುದು ಟವೆಲು ಮತ್ತು ಎರಡು ಮುಖ. ಅಲ್ಲಿ ಒಪ್ಪಿದ ಬೆಲೆಯನ್ನು ಇಬ್ಬರೂ ಮೂರನೆಯವರ ಮುಂದೆ ಬಾಯಿಬಿಟ್ಟು ಹೇಳುವಂತಿಲ್ಲ.

ಹುಬ್ಬಳ್ಳಿಯವರು ಇದನ್ನು ಕೇಳಿದ್ದರು, ಮಾಡಿರಲಿಲ್ಲ. ಸಂಕೋಚದಿಂದ ಕೈ ಚಾಚಿದರು. ಭಾವನವರು ಟವೆಲು ಹಾಕಿ, ಒಳಗೆ ಏನೋ ತಡಕಿ, ಗವಸು ತಗೀರಿ, ಅರಿವಿ ಜೋಡಿ ಏನು ಮಾತಾಡ್ಲಿ ಎಂದರು. ಗವಸು ಹೊರಗೆ ಬಂತು. ಟವೆಲಿನ ಕೆಳಗೆ ಇಲಿ ಹರಿದಾಡಿದಂತಾಯಿತು. ಗಿರಾಕಿಯ ಹುಬ್ಬು ಮೇಲೆ ಹೋಯಿತು. ಸಾಧ್ಯವಿಲ್ಲವೆಂದು ತಲೆಯಾಡಿಸಿದರು, ತೊಳೆದದ್ದನ್ನು ಮತ್ತೆ ನೆನಪಿಸಿದರು. ತೊಳೆದದ್ದು ಮತ್ತೆ ಕಪ್ಪಾಗುವುದಿಲ್ಲವೇನು, ನಿಮ್ಮ ಕಪಾಟಿನಲ್ಲಿ ಕೂತರೆ ತಾನೇ ಆಗುತ್ತದೆ ಎಂದರು ಭಾವನವರು. ಸಂಗ್ರಹ ಪೂರ್ತಿ ಇಲ್ಲವಲ್ಲ ಎಂದರು ಗಿರಾಕಿ. ಅದಕ್ಕೆ ಬಂದ ಉತ್ತರ ನಮ್ಮ ಓಣಿಯಲ್ಲಿ ಈಗ ಎಲ್ಲರ ಬಾಯಲ್ಲಿದೆ.

"ಎಲ್ಲಾ ಹಲ್ಲು ಬಂದು ಬಾಯಿ ಕೂಡಿದ ಎತ್ತಿಗೆ ರೇಟು ಹೆಚ್ಚೋ, ಇನ್ನೂ ಎರಡು ಹಲ್ಲು ಬರೂದು ಬಾಕಿ ಇದ್ದ ಹೋರಿಗೆ ಹೆಚ್ಚೋ, ನೀವ ಹೇಳ್ರಿ. ಪೂರಾ ಇದ್ದದ್ದು ಇನ್ನ ಇಳೀಬೇಕು. ಅರ್ಧಾ ಇದ್ದದ್ದು ಇನ್ನ ಏರಬೇಕು."

ಈ ತರ್ಕ ನಾಣ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ಇರಲಾರದು. ಗಿರಾಕಿ ನಗಬಾರದೆಂದು ನೋಡಿದರು, ಆಗಲಿಲ್ಲ. ನಕ್ಕವನ ಬೆರಳು ಸಡಿಲಾಗುತ್ತದೆಂದು ಆಮೇಲೆ ಭಾವನವರೇ ಹೇಳಿದರು. ಟವೆಲು ಇನ್ನಷ್ಟು ಹೊತ್ತು ಕುಣಿಯಿತು. ಒಮ್ಮೆ ಗಿರಾಕಿ ಕೈ ಎಳೆದುಕೊಳ್ಳಲು ನೋಡಿದರು, ಎಳೆಯಲು ಬರಲಿಲ್ಲ. ಒಮ್ಮೆ ಭಾವನವರು ಸಿಟ್ಟಾದಂತೆ ಮುಖ ತಿರುಗಿಸಿದರು, ಕೈ ಮಾತ್ರ ಬಿಡಲಿಲ್ಲ. ಕೊನೆಗೆ ಇಬ್ಬರೂ ಒಂದೇ ಸಲ ಉಸಿರು ಬಿಟ್ಟರು, ಟವೆಲು ಹೆಗಲಿಗೆ ಹೋಯಿತು.

ಗಿರಾಕಿ ಮೊಬೈಲು ತೆಗೆದರು. ವೈನಿಯ ನಂಬರು ಕೊಟ್ಟೆ. ಒಳಗೆ ಹಿಟ್ಟಿನ ಡಬ್ಬಿಯ ಮೇಲಿದ್ದ ಅವರ ಫೋನು ಟಿಂಗ್ ಎಂದಿತು. ವೈನಿ ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು, ಫೋನನ್ನು ಎದೆಗೆ ಮುಚ್ಚಿ ಹಿಡಿದುಕೊಂಡರು. ನಾನು ಹತ್ತಿರ ಹೋದರೂ ತೋರಿಸಲಿಲ್ಲ. ಸಂತೆಯ ಕಟ್ಟಳೆ ಅಡುಗೆಮನೆಗೂ ಬಂದಿತ್ತು.

ಹುಬ್ಬಳ್ಳಿಯವರು ನಾಣ್ಯಗಳನ್ನು ಒಂದೊಂದಾಗಿ ತಮ್ಮ ಸಣ್ಣ ಲಕೋಟೆಗಳಿಗೆ ಹಾಕಿಕೊಂಡು, ಆಲ್ಬಮ್ ತಮಗೆ ಬೇಡವೆಂದು ಬಿಟ್ಟುಹೋದರು. ಈಗ ಅದರಲ್ಲಿ ಎಂದೂ ಸಿಗದಿದ್ದ ನಾಣ್ಯಗಳಷ್ಟೇ ಉಳಿದಿವೆ.

ಅವರು ಹೊಸಿಲು ದಾಟಿದ್ದೇ ತಡ, ಭಾವನವರು ನನ್ನ ಕಡೆ ತಿರುಗಿದರು.

"ದಲಾಲಿ ಕೊಡಾಕ ಹೇಳ್ರಿ ಅವ್ವಾರ, ಅವರಿಗೆ."

ನನಗೆ ಕೇಳಿಸಿದ್ದು ಸರಿಯೋ ಎನಿಸಿತು. ಸತ್ತ ತಮ್ಮನ ವಸ್ತು, ತಮ್ಮನ ಹೆಂಡತಿ, ಅವಳ ಮನೆಯ ಚಹಾ ಕುಡಿದ ಬಾಯಿ. ಅನುವಾದ ಮಾಡುವ ಅಗತ್ಯವೂ ಇರಲಿಲ್ಲ. ವೈನಿ ಆಗಲೇ ಒಳಗೆ ಹೋಗಿದ್ದರು. ಬೇಳೆಯ ಡಬ್ಬಿ ತೆರೆದ ಸದ್ದು ಕೇಳಿತು. ಒಂದು ತಟ್ಟೆಯಲ್ಲಿ ಎಲೆ ಅಡಿಕೆ, ಅದರ ಮೇಲೆ ಮಡಿಸಿದ ನೋಟುಗಳು. ತಾವೇ ತಂದು ಭಾವನವರ ಮುಂದೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಭಾವನವರು ನೋಟು ಬಿಡಿಸಿ ನೋಡಿ, ಬರೋಬ್ಬರಿ ಐತಿ ಎಂದು ಕಿಸೆಗೆ ಹಾಕಿ, ಎಲೆಗೆ ಸುಣ್ಣ ಹಚ್ಚುತ್ತ ಹೊರಟುಹೋದರು. ಒಂದು ನೋಟನ್ನೂ ತಿರುಗಿ ಕೊಡಲಿಲ್ಲ.

ಮನೆಗೆ ಬಂದು ನನ್ನ ಯಜಮಾನರಿಗೆ ಹೇಳಿದೆ, ಮನುಷ್ಯ ಇಷ್ಟು ಕಠೋರ ಇರಬಹುದೇ ಎಂದು. ಸಂಜೆ ಸಮಾಧಾನ ಹೇಳಲು ವೈನಿಯ ಮನೆಗೆ ಹೋದರೆ ಅವರು ಹಿತ್ತಿಲಲ್ಲಿ ಶೇಂಗಾ ಹುರಿಯುತ್ತ ಹಾಡು ಗುನುಗುತ್ತಿದ್ದರು. ನನ್ನ ಮುಖ ನೋಡಿ ಅವರಿಗೆ ನಗು ಬಂತು. ಆಮೇಲೆ ವಿವರಿಸಿದರು. ಮಾಸ್ತರರು ಹೋದ ಮೇಲೆ ಅವರ ಸೈಕಲ್ಲು, ಹಳೆಯ ಕಪಾಟು, ಚೌಕಟ್ಟಿನ ಕಟ್ಟಿಗೆ ಎಲ್ಲವನ್ನೂ ಭಾವನವರೇ ಓಡಾಡಿ ಮಾರಿಸಿಕೊಟ್ಟಿದ್ದರು, ಒಂದಕ್ಕೂ ದಲಾಲಿ ಕೇಳಿರಲಿಲ್ಲ.

"ಕಸಕ್ಕ ಅವರು ದಲಾಲಿ ತಗೊಳ್ಳಾಂಗಿಲ್ಲ ತಂಗಿ. ಮಾಲಿಗೆ ಅಷ್ಟ ತಗೋತಾರ. ಇವತ್ತ ತಗೊಂಡ್ರು. ನೋಡಿದಿಲ್ಲ ನೀನೂ?"

ನೋಡಿದ್ದೆ. ನೋಡಿದ್ದು ಏನೆಂದು ತಿಳಿದಿರಲಿಲ್ಲ.

ಮರುದಿನದಿಂದ ವೈನಿ ಈ ಸುದ್ದಿಯನ್ನು ತಾವೇ ಸಾರತೊಡಗಿದರು. ತರಕಾರಿಯವಳಿಗೆ, ಹಾಲಿನವನಿಗೆ, ಗುಡಿಯ ಕಟ್ಟೆಯ ಮೇಲೆ ಕೂತವರಿಗೆ, ಭಾವನವರು ದಲಾಲಿ ತಗೊಂಡರು, ಪೂರಾ ತಗೊಂಡರು ಎಂದು. ಕೇಳಿದವರೆಲ್ಲ ಅಯ್ಯೋ ಪಾಪ ಎಂದು ತುಟಿ ಕಚ್ಚುತ್ತಿದ್ದರು. ಇವರು ಅರಳಿದ ಮುಖದಿಂದ ಮುಂದಿನ ಮನೆಗೆ ಹೋಗುತ್ತಿದ್ದರು. ಅತ್ತ ಭಾವನವರೂ ಸುಮ್ಮನಿರಲಿಲ್ಲ. ಕಿರಾಣಿ ಅಂಗಡಿಯ ಕಟ್ಟೆಯಲ್ಲಿ ಕೂತು, ತಮ್ಮನ ನಾಣ್ಯಗಳನ್ನು ಹುಬ್ಬಳ್ಳಿಯವನಿಗೆ ಹೇಗೆ ಇಳಿಸಿದೆ ಎಂದು ದಿನವೂ ಹೇಳುತ್ತಿದ್ದರು. ಎಷ್ಟಕ್ಕೆ ಎಂದು ಯಾರಾದರೂ ಕೇಳಿದರೆ ಬಾಯಿ ಬಿಡುವುದಿಲ್ಲ. ಕೇಳಿದವನ ಕೈ ಹಿಡಿದು ಮೇಲೆ ಟವೆಲು ಹಾಕುತ್ತಾರೆ. ಅವನು ಹುಬ್ಬೇರಿಸಿಕೊಂಡು ಹೊರಗೆ ಬರುತ್ತಾನೆ. ನನ್ನ ಯಜಮಾನರೂ ಒಂದು ಸಂಜೆ ಕೈ ಕೊಟ್ಟು ಬಂದರು. ಎಷ್ಟಂತೆ ಎಂದೆ. ಅದನ್ನು ಹೇಳುವ ಹಾಗಿಲ್ಲವಲ್ಲ ಎಂದು ಪೇಪರು ಹಿಡಿದರು. ಸ್ವಲ್ಪ ದಿನದ ಮೇಲೆ ಅವರು ಮತ್ತು ಕಿರಾಣಿ ಅಂಗಡಿಯವರು ಪರಸ್ಪರ ಬೆರಳು ತೋರಿಸಿಕೊಂಡು ನೋಡಿದಾಗ, ಇಬ್ಬರ ಲೆಕ್ಕ ಕೂಡಲಿಲ್ಲವಂತೆ, ಆಮೇಲೆ ಕೈ ಕೊಟ್ಟ ಅಂಗಡಿಯವರದೇ ಹೆಚ್ಚಾಗಿತ್ತಂತೆ. ಅಂಗಡಿಯವರು ಮಾಸ್ತರರ ಬಗ್ಗೆ ಈಗ ತುಂಬ ಮರ್ಯಾದೆಯಿಂದ ಮಾತನಾಡುತ್ತಾರೆ.

ಹೆಂಗಸರಿಗೆ ಟವೆಲಿನ ಕೆಳಗೆ ಕೈ ಕೊಡುವ ರೂಢಿಯಿಲ್ಲ. ಹೀಗಾಗಿ, ಬೆಲೆ ಕಟ್ಟಿಕೊಡಲು ಕರೆಸಿಕೊಂಡ ನನಗೊಬ್ಬಳಿಗೇ ಬೆಲೆ ಗೊತ್ತಿಲ್ಲ. ಮೊನ್ನೆ ತಡೆಯಲಾರದೆ, ಕಾನ್ವೆಂಟಿನ ಸಂಕೋಚವನ್ನೆಲ್ಲ ಬದಿಗಿಟ್ಟು ವೈನಿಯನ್ನೇ ನೇರವಾಗಿ ಕೇಳಿದೆ, ಕೊನೆಗೂ ಎಷ್ಟಕ್ಕೆ ಹೋದವು ಎಂದು. ಅವರು ಮೊರದಲ್ಲಿ ಜೋಳ ಕೇರುವುದನ್ನು ನಿಲ್ಲಿಸಲಿಲ್ಲ.

"ಯಾವ ರೇಟು ಕೇಳ್ತಿ ತಂಗಿ, ಅವತ್ತಿಂದೋ, ಇವತ್ತಿಂದೋ?"